ಕೊಚ್ಚಿ ಟ್ರಿಪ್: ಹಳೇ ಕಟ್ಟಡ + ನೀರು, ಎರಡು ದಿನದಲ್ಲಿ ಏನೇನ್ ನೋಡ್ಬೋದು?

ಬಂಗಾರಪೇಟೆ_ಹುಡುಗಿ
ಎಲ್ರಿಗೂ ನಮಸ್ಕಾರ. ಮುಂದಿನ ತಿಂಗ್ಳು ಅಪ್ಪ ಅಮ್ಮನ್ನ ಕೊಚ್ಚಿಗೆ ಕರ್ಕೊಂಡ್ ಹೋಗ್ತಿದೀನಿ, ಬಂಗಾರಪೇಟೇಲಿ ರಾತ್ರಿ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಎರ್ನಾಕುಲಂ ಟೌನಲ್ಲಿ ಇಳಿಯೋದು, ಶುಕ್ರವಾರ ಶನಿವಾರ ಅಂತ ಪ್ಲಾನ್, ಟಿಕೆಟ್ ಇನ್ನೂ ಮಾಡ್ಸಿಲ್ಲ. ಅಪ್ಪಂಗೆ ಹಳೇ ಕಟ್ಟಡ ಅಂದ್ರೆ ಪ್ರಾಣ, ಕೋಲಾರಮ್ಮನ ಗುಡೀಲಿ ಒಂದೊಂದು ಕಂಬದ್ ಮುಂದೆನೂ ಹತ್ತು ನಿಮಿಷ ನಿಂತ್ಕೋತಾರೆ. ಅಮ್ಮಂಗೆ ದೋಣಿ ಒಂದಿದ್ರೆ ಸಾಕು, ಆದ್ರೆ ಮಂಡಿನೋವು. ಯೂಟ್ಯೂಬಲ್ಲಿ ಬರೀ ಮಾಲು, ಮರೈನ್ ಡ್ರೈವು. ಅದಕ್ಕೋಸ್ಕರ ಅಷ್ಟು ದೂರ ಹೋಗ್ಬೇಕಾ?

ಮಾಲೂರು_ಮಂಜ
ಅಕ್ಕ ಮೊದ್ಲು ವಾರ ಚೇಂಜ್ ಮಾಡಿ. ಮಟ್ಟಾಂಚೇರಿ ಅರಮನೆ ಶುಕ್ರವಾರ ಬಂದ್, ಯಹೂದಿಗಳ ಪ್ರಾರ್ಥನಾ ಮಂದಿರ ಪರದೇಶಿ ಸಿನಗಾಗ್ ಶುಕ್ರವಾರ ಶನಿವಾರ ಎರಡೂ ಬಂದ್. ಭಾನುವಾರ ಸೋಮವಾರ ಇಟ್ಕೊಳಿ. ಸಿನಗಾಗ್ 1568ರದ್ದು, ಅಲ್ಲಿ ತಲೆ ಎತ್ಬೇಡಿ, ನೆಲ ನೋಡಿ. ಚೀನಾದಿಂದ ಹಡಗಲ್ಲಿ ತರ್ಸಿದ ನೀಲಿ ಬಿಳಿ ಟೈಲ್ಸು, ಎಲ್ಲಾ ಕೈಯಲ್ಲೇ ಬಿಡ್ಸಿರೋದು. ಅರಮನೇನ ಪೋರ್ಚುಗೀಸರು 1555ರ ಸುಮಾರಿಗೆ ಕಟ್ಸಿ ಕೊಚ್ಚಿ ರಾಜಂಗೆ ಕೊಟ್ರು, ಆಮೇಲೆ ರಿಪೇರಿ ಮಾಡ್ಸಿದ್ದು ಡಚ್ಚರು, ಹೆಸ್ರು ಅವ್ರಿಗೇ ಹೋಯ್ತು, ಡಚ್ ಪ್ಯಾಲೆಸ್ ಅಂತ! ಒಳಗೆ ಗೋಡೆ ತುಂಬಾ ರಾಮಾಯಣದ ಚಿತ್ರ ಐತೆ, ನಿಮ್ಮಪ್ಪನ್ನ ಅಲ್ಲಿಂದ ಎಬ್ಸೋದೇ ಕಷ್ಟ ಆಗುತ್ತೆ. ಅಮ್ಮಂಗೆ ಮೆಟ್ಲು ಹತ್ತೋದು ಇರುತ್ತೆ, ನೋಡ್ಕೊಳಿ.

ಅಂತರಗಂಗೆ_ಅಣ್ಣ
ಫೋರ್ಟ್ ಕೊಚ್ಚಿ ಬಿಟ್ರೆ ಹೋಗಿದ್ದೇ ವೇಸ್ಟು. ಚೀನಾ ಬಲೆ ಫೋಟೋದಲ್ಲಿ ಏನೂ ಅನ್ಸಲ್ಲ, ಹತ್ರ ನಿಂತು ನೋಡ್ಬೇಕು. ನಮ್ ಕಡೆ ಬಾವಿ ಏತ ಇತ್ತಲ್ಲ ಅದೇ ಲೆಕ್ಕ, ಆದ್ರೆ ಸೈಜು ಮನೆಯಷ್ಟು. ಹಿಂದ್ಗಡೆ ಹಗ್ಗಕ್ಕೆ ಸಾಲಾಗಿ ಕಲ್ಲು ಕಟ್ಟಿರ್ತಾರೆ, ನಾಲ್ಕೈದು ಜನ ಸೇರಿ ಎಳೀತಿದ್ದಂಗೆ ಬಲೆ ಮೇಲೆ ಬರುತ್ತೆ, ಕಲ್ಲು ಒಂದೊಂದೇ ನೆಲಕ್ಕೆ ಕೂತ್ಕೊಳುತ್ತೆ. ಇಷ್ಟೆಲ್ಲಾ ಮಾಡಿ ಒಂದ್ ಬೊಗಸೆ ಮೀನು ಸಿಕ್ಕಿದ್ರೆ ಪುಣ್ಯ. ಅಲ್ಲೇ ಪಕ್ಕದಲ್ಲಿ ಸೇಂಟ್ ಫ್ರಾನ್ಸಿಸ್ ಚರ್ಚು, 1524ರಲ್ಲಿ ಸತ್ತ ವಾಸ್ಕೋ ಡ ಗಾಮನ್ನ ಮೊದ್ಲು ಹೂತಿದ್ದು ಇಲ್ಲೇ, ಆಮೇಲೆ ಪೋರ್ಚುಗಲ್‌ಗೆ ತಗೊಂಡ್ ಹೋದ್ರು. ಒಳಗೆ ಮೇಲ್ಗಡೆ ಉದ್ದುದ್ದ ಬಟ್ಟೆ ಬೀಸಣಿಗೆ ತೂಗ್ಹಾಕಿದಾರೆ, ಹಗ್ಗ ಗೋಡೆ ಆಚೆ ಹೋಗುತ್ತೆ, ಆಗೆಲ್ಲಾ ಎಳೆಯೋನು ಹೊರಗೆ ಬಿಸ್ಲಲ್ಲಿ ಇರ್ತಿದ್ದ.

ಕೆಜಿಎಫ್_ಟೈಗರ್
ಮರೈನ್ ಡ್ರೈವ್ ಬೈಬೇಡ್ರಪ್ಪ, ಸಂಜೆ ವಯಸ್ಸಾದೋರಿಗೆ ಕೂರಕ್ಕೆ ಅದೇ ಚೆನ್ನಾಗಿರೋದು. ಅಮ್ಮಂಗೆ ವಾಟರ್ ಮೆಟ್ರೋ ಹತ್ಸಿ, 2023ರಲ್ಲಿ ಶುರು ಆಗಿದ್ದು, ಬ್ಯಾಟರಿ ಬೋಟು, ಎಸಿ. ಜೆಟ್ಟಿನೂ ನೀರ್ ಮೇಲೇ ತೇಲುತ್ತೆ, ಉಬ್ಬರ ಇಳಿತ ಏನಾದ್ರೂ ಬೋಟಿನ ಲೆವೆಲ್ಲಿಗೇ ಇರುತ್ತೆ, ಮಂಡಿನೋವಿಗೆ ತೊಂದ್ರೆ ಇಲ್ಲ. ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಸೀದಾ. ದಾರೀಲಿ ಕಾಣೋ ವಿಲಿಂಗ್ಡನ್ ಐಲ್ಯಾಂಡು ಬ್ರಿಟಿಷ್ ಇಂಜಿನಿಯರ್ ಬ್ರಿಸ್ಟೋ ಬಂದರಿಗೋಸ್ಕರ ಹೂಳು ಎತ್ಸಿ ಆ ಮಣ್ಣಲ್ಲೇ ಮಾಡಿದ್ದು. ನೀವು ಹತ್ತೋ ಟ್ರೈನ್ ಮುಂಚೆ ಆ ದ್ವೀಪದವರೆಗೂ ಹೋಗ್ತಿತ್ತು.

ಬಂಗಾರಪೇಟೆ_ಹುಡುಗಿ
ಥ್ಯಾಂಕ್ಸ್ ಎಲ್ರಿಗೂ, ಭಾನುವಾರಕ್ಕೇ ಮಾಡ್ಸ್ತೀನಿ. ನಮ್ಮನೇಲಿ ಮೀನು ತಿನ್ನಲ್ಲ, ಊಟಕ್ಕೆ?

ಮಾಲೂರು_ಮಂಜ
ಮಟ್ಟಾಂಚೇರಿಲಿ ಗುಜರಾತಿ ರೋಡ್ ಅಂತ ಕೇಳಿ. ವ್ಯಾಪಾರಕ್ಕೆ ಬಂದ ಗುಜರಾತಿಗಳು ಅಲ್ಲೇ ನೆಲೆಸವ್ರೆ, ವೆಜ್ ಊಟಕ್ಕೆ ಪರದಾಟ ಇಲ್ಲ. ಮುದ್ದೆ ಮಾತ್ರ ಕೇಳ್ಬೇಡಿ.