ರಾವೆಲ್‌ ಅವರ ಮಿದುಳಿನ ಕಾಯಿಲೆಯನ್ನು ‘ಬೊಲೆರೊ’ದಲ್ಲಿ ಹುಡುಕಬಹುದೇ?

ಪ್ರಶ್ನೆ, ಮಡಿಕೇರಿಯಿಂದ:
ಫ್ರೆಂಚ್ ಸಂಗೀತ ರಚನಕಾರ ಮೋರಿಸ್ ರಾವೆಲ್ 1928ರಲ್ಲಿ ರಚಿಸಿದ ‘ಬೊಲೆರೊ’ದಲ್ಲಿ ಒಂದೇ ಧಾಟಿ ಕಾಲು ಗಂಟೆ ಮರುಕಳಿಸುವುದು, ಮುಂದೆ ಅವರ ಮಾತು ಮತ್ತು ಬರವಣಿಗೆಯನ್ನು ಕಸಿದುಕೊಂಡ ಮಿದುಳಿನ ಕಾಯಿಲೆಯ ಮೊದಲ ಸೂಚನೆಯೆಂದು ನಮ್ಮ ಸಂಗೀತಾಸಕ್ತರ ಬಳಗದಲ್ಲಿ ಒಬ್ಬರು ವಾದಿಸಿದರು. ಇದನ್ನು ಒಪ್ಪಬಹುದೇ? ಆ ಕಾಯಿಲೆ ಯಾವುದೆಂದು ಈಗ ಹೇಳಲು ಸಾಧ್ಯವೇ?

ಉತ್ತರ, ವಿರಾಜಪೇಟೆಯ ವೈದ್ಯರಿಂದ:
ಊಹೆಗಿಂತ ಮೊದಲು ನೋಡಬೇಕಾದದ್ದು ಅವರನ್ನು ಕಣ್ಣಾರೆ ಪರೀಕ್ಷಿಸಿದ ನರರೋಗತಜ್ಞ ತಿಯೋಫೀಲ್ ಅಲಾಜುವಾನಿನ್ 1948ರಲ್ಲಿ ಪ್ರಕಟಿಸಿದ ವಿವರಣೆಯನ್ನು. ರಾವೆಲ್ ರಾಗಗಳನ್ನು ಗುರುತಿಸುತ್ತಿದ್ದರು, ನುಡಿಸುವವರ ತಪ್ಪುಗಳನ್ನು ತಕ್ಷಣ ಹಿಡಿಯುತ್ತಿದ್ದರು. ಆದರೆ ಸ್ವರಲಿಪಿಯನ್ನು ನೋಡಿ ನುಡಿಸುವುದು, ತಲೆಯಲ್ಲಿದ್ದುದನ್ನು ಕಾಗದಕ್ಕಿಳಿಸುವುದು ಅವರಿಗೆ ಅತಿ ಕಷ್ಟವಾಗಿತ್ತು. ಸಂಗೀತ ಒಳಗೇ ಉಳಿದು, ಹೊರಬರುವ ದಾರಿ ಮಾತ್ರ ಮುಚ್ಚಿಹೋದ ಈ ಸ್ಥಿತಿಯನ್ನು ಅಲಾಜುವಾನಿನ್ ಅಫೇಸಿಯಾ (ಮಿದುಳಿನ ತೊಂದರೆಯಿಂದ ಭಾಷಾಶಕ್ತಿ ಕುಂದುವುದು) ಮತ್ತು ಅಪ್ರಾಕ್ಸಿಯಾ (ಗೊತ್ತಿದ್ದ ಚಲನೆಗಳನ್ನು ಮಾಡಲಾಗದಿರುವುದು) ಎಂದು ಗುರುತಿಸಿದರು. 1932ರ ಟ್ಯಾಕ್ಸಿ ಅಪಘಾತವೇ ಕಾರಣವೆನ್ನುವವರಿದ್ದಾರೆ. ವರ್ಷಗಟ್ಟಲೆ ನಿಧಾನವಾಗಿ ಹೆಚ್ಚುತ್ತ ಹೋದ ಲಕ್ಷಣಗಳನ್ನು ನೋಡಿದರೆ ಮಿದುಳಿನ ಜೀವಕೋಶಗಳು ಕ್ರಮೇಣ ನಶಿಸುವ ಕಾಯಿಲೆಯೇ ಹೆಚ್ಚು ಸಂಭವನೀಯವೆಂದು ನನಗನ್ನಿಸುತ್ತದೆ.

ಉತ್ತರ, ಪೊನ್ನಂಪೇಟೆಯ ಸಂಗೀತ ಶಿಕ್ಷಕರಿಂದ:
‘ಬೊಲೆರೊ’ ನರ್ತಕಿ ಇಡಾ ರುಬಿನ್‌ಸ್ಟೈನ್ ಕೇಳಿಕೊಂಡ ನೃತ್ಯಕ್ಕಾಗಿ ಬರೆದದ್ದು. ಧಾಟಿ ಬದಲಾಗದಿದ್ದರೂ ವಾದ್ಯಗಳು ಬದಲಾಗುತ್ತ, ನಾದ ಏರುತ್ತ ಹೋಗಿ, ಕೊನೆಯಲ್ಲಿ ಶ್ರುತಿಯೇ ಥಟ್ಟನೆ ಪಲ್ಲಟವಾಗುವ ಕಟ್ಟುನಿಟ್ಟಿನ ಯೋಜನೆ ಅದರಲ್ಲಿದೆ. ಅದಾದ ಮೇಲೆಯೇ ಅವರು ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ಎರಡು ಕನ್ಸರ್ಟೊಗಳನ್ನು ಪೂರೈಸಿದರು. ನಮ್ಮ ಮದುವೆಮನೆಯ ವಾಲಗದಲ್ಲಿ ಒಂದೇ ವರಸೆ ಎಷ್ಟು ಹೊತ್ತು ಮರಳಿ ಬಂದರೂ ಬಾರಿಸುವವರ ಮಿದುಳನ್ನು ಯಾರೂ ಶಂಕಿಸುವುದಿಲ್ಲವಲ್ಲ!

ಮಡಿಕೇರಿಯಿಂದ ಮತ್ತೆ:
ಹಾಗಾದರೆ ‘ಬೊಲೆರೊ’ವನ್ನು ವರ್ಣಚಿತ್ರವಾಗಿಸಿದ ಕೆನಡಾದ ಕಲಾವಿದೆ ಆ್ಯನ್ ಆ್ಯಡಮ್ಸ್ ಅವರಿಗೂ ಮುಂದೆ ಅಫೇಸಿಯಾ ಬಂದದ್ದು ಕೇವಲ ಕಾಕತಾಳೀಯವೇ?

ಉತ್ತರ, ವೈದ್ಯರಿಂದ:
ಅವರ ಕಾಯಿಲೆಗೆ ಮಿದುಳಿನ ಸ್ಕ್ಯಾನ್‌ಗಳ ಆಧಾರವಿತ್ತು. ರಾವೆಲ್‌ ಅವರ ವಿಷಯದಲ್ಲಿ ಅದಿಲ್ಲ. ಆದ್ದರಿಂದ ಆ ಹೋಲಿಕೆ ಕುತೂಹಲ ಹುಟ್ಟಿಸುತ್ತದೆಯೇ ಹೊರತು ರುಜುವಾತಾಗುವುದಿಲ್ಲ. 1937ರ ಡಿಸೆಂಬರಿನಲ್ಲಿ ನರಶಸ್ತ್ರಚಿಕಿತ್ಸಕ ಕ್ಲೋವಿಸ್ ವಿನ್ಸೆಂಟ್ ರಾವೆಲ್ ಅವರ ಮಿದುಳಿನ ಶಸ್ತ್ರಚಿಕಿತ್ಸೆ ನಡೆಸಿದಾಗ ಗೆಡ್ಡೆ ಸಿಗಲಿಲ್ಲ, 28ರಂದು ರಾವೆಲ್ ತೀರಿಕೊಂಡರು, ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳು ನಶಿಸುವ ಕಾಯಿಲೆ, ಮಿದುಳಿನ ಹೊರಪದರವೂ ಒಳಗಿನ ಕೆಲವು ಭಾಗಗಳೂ ನಶಿಸುವ ಕಾರ್ಟಿಕೊಬೇಸಲ್ ಕಾಯಿಲೆ ಮುಂತಾದ ಹೆಸರುಗಳನ್ನು ತಜ್ಞರು ಸೂಚಿಸುತ್ತಲೇ ಇದ್ದಾರೆ. ಅವುಗಳಲ್ಲಿ ಒಂದನ್ನು ಆರಿಸಲು ಬೇಕಾದ ಅಂಗಾಂಶ ಯಾರ ಬಳಿಯೂ ಇಲ್ಲ.