ಸಹಾಯ ಬೇಕು: ಮೇರಿಗೆ ಸಿಕ್ಕಿದ್ದು ಹೊಸ ತಿಳುವಳಿಕೆಯಾ, ಬರೀ ಸಾಮರ್ಥ್ಯವಾ?

ಎಲ್ಲರಿಗೂ ನಮಸ್ಕಾರ. ನಾನು ಎಂಎ ತತ್ವಶಾಸ್ತ್ರ ಓದುತ್ತಿದ್ದೇನೆ. ತತ್ವಜ್ಞಾನಿ ಫ್ರಾಂಕ್ ಜಾಕ್ಸನ್ 1982ರಲ್ಲಿ ಬರೆದ ಮೇರಿಯ ವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮೇರಿ ಒಬ್ಬ ಕಾಲ್ಪನಿಕ ವಿಜ್ಞಾನಿ: ಕಪ್ಪು-ಬಿಳುಪು ಕೋಣೆಯಲ್ಲೇ ಇದ್ದು ಬಣ್ಣದ ವಿಜ್ಞಾನವನ್ನೆಲ್ಲ ಕಲಿತವಳು, ಹೊರಗೆ ಬಂದು ಮೊದಲ ಸಲ ಕೆಂಪು ನೋಡಿದಾಗ ಹೊಸದೇನೋ ತಿಳಿಯುತ್ತಾಳೆ, ಹಾಗಾಗಿ ಅನುಭವವನ್ನು ವಿವರಿಸಲು ಭೌತಿಕ ವಿವರಣೆ ಸಾಲದು ಅಂತ. ಇಲ್ಲಿವರೆಗೆ ಸರಿ.

ಆದರೆ ಇನ್ನೊಬ್ಬ ತತ್ವಜ್ಞಾನಿ ಡೇವಿಡ್ ಲೂಯಿಸ್, ಅವಳಿಗೆ ಸಿಕ್ಕಿದ್ದು ಮಾಹಿತಿಯಲ್ಲ, ಕೆಂಪನ್ನು ಗುರುತಿಸುವ, ನೆನೆಯುವ ಸಾಮರ್ಥ್ಯ ಅಷ್ಟೇ ಅನ್ನುತ್ತಾರೆ. ಮೂರು ಸಲ ಓದಿದೆ. ಮೇಷ್ಟ್ರನ್ನೂ ಕೇಳಿದೆ, ಈಜು ಕಲಿತ ಹಾಗೆ ಅಂದರು. ನಾನು ಈಜು ಕಲಿತದ್ದು ಊರ ಕೆರೆಯಲ್ಲಿ. ನೀರು ಮೂಗಿಗೆ ನುಗ್ಗಿದಾಗ ಆದ ಉರಿ ಈಗಲೂ ನೆನಪಿದೆ. ಆ ಉರಿ ಸಾಮರ್ಥ್ಯ ಅಲ್ಲ ಅಲ್ವಾ? ಅದು ಹೇಗಿತ್ತು ಅಂತ ತಿಳಿದದ್ದರಿಂದಲೇ ತಾನೇ ಇವತ್ತು ನೆನೆಯಲು ಆಗುವುದು?

ಈ ಆಕ್ಷೇಪಕ್ಕೆ ಲೂಯಿಸ್ ಕಡೆಯವರು ಏನು ಉತ್ತರ ಕೊಡುತ್ತಾರೆ? ಓದಿದವರು ಒಂದು ಉದಾಹರಣೆ ಕೊಟ್ಟು ಹೇಳ್ತೀರಾ?