ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಇಲ್ಲವೆಂದರೆ ಜೋರು ಮಾಡಿ ಕೇಳಬಹುದೇ?

ದ್ರಾಕ್ಷಿ ತೋಟದವರು, ವಿಜಯಪುರ ಜಿಲ್ಲೆ:
ನನ್ನ ಮಗಳಿಗೆ ಟೈಪ್ 1 ಮಧುಮೇಹ, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ. ಆರನೇ ತರಗತಿ. ಊಟಕ್ಕೆ ಮೊದಲು ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದು ತಾನೇ ಸೂಜಿ ಚುಚ್ಚಿಕೊಳ್ಳುತ್ತಾಳೆ. ನಾನು ಮುಖ ತಿರುಗಿಸುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ತಿಂಗಳು ಬಾಟಲಿ ಸಿಕ್ಕರೆ ಮತ್ತೊಂದು ತಿಂಗಳು “ಸ್ಟಾಕ್ ಬಂದಿಲ್ಲ, ಹೊರಗೆ ತೆಗೆದುಕೊಳ್ಳಿ” ಎನ್ನುತ್ತಾರೆ. ಸಿರಿಂಜ್, ಸಕ್ಕರೆ ಪರೀಕ್ಷಿಸುವ ಸ್ಟ್ರಿಪ್ ಎಲ್ಲ ಸೇರಿದರೆ ಆಳುಗಳ ಕೂಲಿಗೆ ಇಟ್ಟ ದುಡ್ಡಿಗೇ ಕೈ ಹಾಕಬೇಕು. ಮರಳಿ ಕೇಳಿದರೆ “ಪುಕ್ಕಟೆ ಕೊಡುವುದಕ್ಕೂ ಇಷ್ಟು ಜೋರೇ?” ಎಂಬ ಮಾತು. ಇದರಲ್ಲಿ ನಮಗೆ ಹಕ್ಕೆಂಬುದು ಇದೆಯೇ? ತೋಟದ ಮನೆಯಲ್ಲಿ ಫ್ರಿಜ್ ಕೂಡ ಇಲ್ಲ. ಬೀಗರಂತೂ ಹಾಗಲಕಾಯಿ ರಸ ಕುಡಿಸಿ ಸೂಜಿ ಬಿಡಿಸಿರೆಂದು ಪ್ರಾಣ ತಿನ್ನುತ್ತಿದ್ದಾರೆ.

ವಕೀಲ, ಬೆಳಗಾವಿ:
ಇದೆ. ಸರ್ಕಾರಿ ಆಸ್ಪತ್ರೆ ಸಕಾಲಕ್ಕೆ ಚಿಕಿತ್ಸೆ ಕೊಡದಿದ್ದರೆ ಅದು ಜೀವಿಸುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಹಣವಿಲ್ಲವೆಂಬ ನೆಪ ನಡೆಯದು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಪಶ್ಚಿಮ ಬಂಗಾ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ ಹೇಳಿದೆ. ಅದು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದವನ ಪ್ರಕರಣ, ನಿಜ. ಆದರೆ ಟೈಪ್ 1 ಮಗುವಿಗೆ ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ಅದೂ ತುರ್ತು ಪ್ರಕರಣವೇ.

ಜೋರು ಮಾಡಬೇಡಿ, ಕಾಗದ ಮಾಡಿಸಿ. ಚೀಟಿಯ ಮೇಲೆ “ಲಭ್ಯವಿಲ್ಲ” ಎಂದು ಬರೆಸಿ, ದಿನಾಂಕ ಮತ್ತು ಮೊಹರು ಹಾಕಿಸಿಕೊಳ್ಳಿ. ಮಾಹಿತಿ ಹಕ್ಕಿನಡಿ ದಾಸ್ತಾನು ವಹಿಯ ನಕಲು ಕೇಳಿ. ಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ; ಆದಾಯ ಕೇಳುವಂತಿಲ್ಲ.

ಔಷಧ ಅಂಗಡಿ, ಬಾಗಲಕೋಟೆ:
ಹಾಗಲಕಾಯಿ ಪಲ್ಯಕ್ಕಿರಲಿ. 1922ರಲ್ಲಿ ಇನ್ಸುಲಿನ್ ಬರುವ ಮೊದಲು ಇಂಥ ಮಕ್ಕಳು ಬದುಕುತ್ತಿರಲಿಲ್ಲ. ಕಂಡುಹಿಡಿದವರು ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ 1977ರ ಮೊದಲ ಅಗತ್ಯ ಔಷಧ ಪಟ್ಟಿಯಲ್ಲೇ ಅದು ಇದೆ. ಬೀಗರಿಗೆ ಇಷ್ಟು ಹೇಳಿ ಸಾಕು.

ಹೊರಗೆ ಕೊಳ್ಳುವಾಗ ಒಂದನ್ನು ಮಾತ್ರ ಮರೆಯಬೇಡಿ. ಬಾಟಲಿಯ ಮೇಲೆ 40 (ಒಂದು ಮಿ.ಲೀ.ಗೆ 40 ಯೂನಿಟ್) ಎಂದಿದ್ದರೆ ಕೆಂಪು ಮುಚ್ಚಳದ ಸಿರಿಂಜ್, 100 ಎಂದಿದ್ದರೆ ಕಿತ್ತಳೆ ಮುಚ್ಚಳದ್ದು. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ, ಮಗು ಪ್ರಜ್ಞೆ ತಪ್ಪಬಹುದು. ಮೊದಲು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಫ್ರಿಜ್ ಇಲ್ಲದಿದ್ದರೆ ಎರಡು ಮಡಕೆ ತೆಗೆದುಕೊಂಡು ನಡುವೆ ಮರಳು ತುಂಬಿ, ಮರಳಿಗೆ ನೀರು ಹಾಕುತ್ತಿರಿ. ಒಳಗಿನ ಮಡಕೆಯಲ್ಲಿ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿಡಿ. ನಮ್ಮ ಕಡೆಯ ಬಿಸಿಲಿಗೆ ಹೆಚ್ಚು ಬಾಟಲಿ ತಂದಿಟ್ಟುಕೊಳ್ಳಬೇಡಿ.

ಶುಶ್ರೂಷಕಿ, ಸರ್ಕಾರಿ ಸೇವೆ:
ಕಿಟಕಿಯಲ್ಲಿ ಕುಳಿತವರನ್ನು ಬೈದು ಫಲವಿಲ್ಲ. ಮಗಳ ಹೆಸರು ಮತ್ತು ತಿಂಗಳಿಗೆ ಬೇಕಾದ ಪ್ರಮಾಣ ಎನ್‌ಸಿಡಿ ಕ್ಲಿನಿಕ್ಕಿನ (ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಅಂಟದ ರೋಗಗಳ ವಿಭಾಗ) ವಹಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಬೇಡಿಕೆ ಪಟ್ಟಿ ಕಳುಹಿಸುವಾಗ ಅವಳ ಲೆಕ್ಕವೇ ಬರುವುದಿಲ್ಲ.

ದ್ರಾಕ್ಷಿ ತೋಟದವರು:
ಮೊಹರು ಹಾಕಲು ಒಪ್ಪದಿದ್ದರೆ?

ವಕೀಲ, ಬೆಳಗಾವಿ:
ನೀವೇ ಅರ್ಜಿ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗೆ ಕಳುಹಿಸಿ. ಅಂಚೆ ರಸೀದಿಯನ್ನು ಚೀಟಿಯ ಹಿಂದೆ ಪಿನ್ ಮಾಡಿಡಿ.